ಪಿಟೀಲು ಕನ್ಚೆರ್ಟೊ ಕೇಳುವುದು ಹೇಗೆ? ಮೈಸೂರಿನ ಕೇಳುಗರು ಪದೇ ಪದೇ ಕೇಳುವ ಪ್ರಶ್ನೆಗಳು

ಕುವೆಂಪುನಗರದ ನಮ್ಮ ಮನೆ ಮಹಡಿಯಲ್ಲಿ ತಿಂಗಳಿಗೊಂದು ಭಾನುವಾರ ಸಂಜೆ ಹತ್ತು ಹನ್ನೆರಡು ಜನ ಸೇರಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳುತ್ತೇವೆ. ಬಂದವರಲ್ಲಿ ಹೆಚ್ಚಿನವರು ಕರ್ನಾಟಕ ಸಂಗೀತ ಕೇಳಿ ಬೆಳೆದವರು. ಇಬ್ಬರು ಮಂಡ್ಯದಿಂದ ರೈಲು ಹತ್ತಿ ಬರುತ್ತಾರೆ. ಹೊಸಬರು ಬಂದಾಗಲೆಲ್ಲ ಹೆಚ್ಚು ಕಡಿಮೆ ಇವೇ ಪ್ರಶ್ನೆಗಳು ಏಳುತ್ತವೆ. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ.

ಕನ್ಚೆರ್ಟೊ ಅಂದರೆ ಏನು?

ಒಂದು ವಾದ್ಯ ಮುಂದೆ ನಿಂತು, ಇಡೀ ವಾದ್ಯವೃಂದದ ಜೊತೆ ನುಡಿಸುವ ದೊಡ್ಡ ಕೃತಿ. ಪಿಟೀಲು ಮುಂದಿದ್ದರೆ ಪಿಟೀಲು ಕನ್ಚೆರ್ಟೊ. ಸಾಮಾನ್ಯವಾಗಿ ಮೂರು ಭಾಗ ಇರುತ್ತದೆ. ಮೊದಲನೆಯದು ಚುರುಕು, ಉದ್ದವೂ ಹೌದು. ಎರಡನೆಯದು ನಿಧಾನ. ಮೂರನೆಯದು ಮತ್ತೆ ಚುರುಕು.

ನಮ್ಮ ಕಡೆ ಆರ್ಕೆಸ್ಟ್ರಾ ಅಂದರೆ ಗಣೇಶನ ಹಬ್ಬದಲ್ಲಿ ನಡೆಯುವ ಸಿನಿಮಾ ಹಾಡಿನ ಕಾರ್ಯಕ್ರಮ ಅನ್ನುವುದು ರೂಢಿ. ಹಾಗಾಗಿ ಇಲ್ಲಿ ವಾದ್ಯವೃಂದ ಅನ್ನುತ್ತೇನೆ. ಅದರೊಳಗೂ ತುಂಬಾ ಪಿಟೀಲುಗಳಿರುತ್ತವೆ. ಜೊತೆಗೆ ಚೆಲ್ಲೊದಂಥ ದೊಡ್ಡ ತಂತಿವಾದ್ಯಗಳು, ಕೊಳಲು, ಓಬೋ, ಕ್ಲಾರಿನೆಟ್, ಬಸೂನ್, ಹಾರ್ನ್, ಟ್ರಂಪೆಟ್ ಅನ್ನುವ ಊದುವ ವಾದ್ಯಗಳು, ಟಿಂಪನಿ ಅನ್ನುವ ನಗಾರಿ.

ಒಂದು ಮಾತು. ಈ ವೃಂದವನ್ನು ಪಕ್ಕವಾದ್ಯ ಅಂದುಕೊಂಡರೆ ಅರ್ಧ ಸಂಗೀತ ಕೈತಪ್ಪಿ ಹೋಗುತ್ತದೆ. ಎಷ್ಟೋ ಕಡೆ ಮುಖ್ಯ ಮಟ್ಟು ವೃಂದದ ಕೈಯಲ್ಲಿರುತ್ತದೆ, ಪಿಟೀಲೇ ಅದಕ್ಕೆ ಪಕ್ಕವಾದ್ಯವಾಗುತ್ತದೆ.

ನಾನು ಕರ್ನಾಟಕ ಸಂಗೀತ ಬಿಟ್ಟು ಬೇರೆ ಕೇಳಿಲ್ಲ. ನನಗೆ ಇದು ಹಿಡಿಸುತ್ತಾ?

ಹಿಡಿಸುತ್ತದೆ. ನಿಮ್ಮ ಕಿವಿ ಆಗಲೇ ಅರ್ಧ ತಯಾರಾಗಿದೆ ಅಂತ ನಾನು ನಂಬಿದ್ದೇನೆ. ಶ್ರುತಿ ಸ್ವಲ್ಪ ತಪ್ಪಿದರೂ ನಿಮಗೆ ಗೊತ್ತಾಗುತ್ತದೆ. ಒಂದು ಅನ್ಯಸ್ವರ ಬಂದರೆ ತಲೆ ಎತ್ತುತ್ತೀರಿ. ಪಲ್ಲವಿ ಯಾವಾಗ ತಿರುಗಿ ಬಂತು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಕನ್ಚೆರ್ಟೊ ಕೇಳಲು ಬೇಕಾದ ಮುಖ್ಯ ಸಾಮಾನು ಇದೇ.

ಇನ್ನು ಪಿಟೀಲು ನಮಗೆ ಬಂದದ್ದೇ ಅಲ್ಲಿಂದ. ಅದನ್ನು ಕರ್ನಾಟಕ ಸಂಗೀತಕ್ಕೆ ತಂದವರಲ್ಲಿ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರ ಹೆಸರು ಮೊದಲು ಬರುತ್ತದೆ. ಮೈಸೂರಿಗಂತೂ ಎರಡೂ ಕಡೆಯ ನಂಟಿದೆ. ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದ ಪಿಟೀಲು ಚೌಡಯ್ಯನವರು ಇಲ್ಲಿನವರು. ಜಯಚಾಮರಾಜ ಒಡೆಯರ್ ಅವರು ವಾಗ್ಗೇಯಕಾರರು, ಜೊತೆಗೆ ಪಾಶ್ಚಾತ್ಯ ಸಂಗೀತವನ್ನು ಆಳವಾಗಿ ಬಲ್ಲವರು. ರಷ್ಯಾದ ಸಂಗೀತಗಾರ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಕಷ್ಟದಲ್ಲಿದ್ದಾಗ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು ಇವರೇ. 1950ರಲ್ಲಿ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳು ಲಂಡನ್ನಿನಲ್ಲಿ ಮೊದಲ ಸಲ ಕೇಳಿಬಂದದ್ದೂ ಇವರ ನೆರವಿನಿಂದ. ಹಾಗಿದ್ದ ಮೇಲೆ ಈ ಸಂಗೀತ ನಮ್ಮ ಊರಿಗೆ ಹೊರಗಿನದು ಹೇಗಾದೀತು?

ಹೊಸದಾಗಿ ಕಲಿಯಬೇಕಾದ್ದು ಒಂದೇ. ನಮ್ಮ ಕಛೇರಿಯಲ್ಲಿ ಸಂಗೀತ ಒಂದು ಎಳೆಯಾಗಿ ಹರಿಯುತ್ತದೆ. ಇಲ್ಲಿ ಮೂರು ನಾಲ್ಕು ಎಳೆ ಒಟ್ಟಿಗೆ ಹರಿಯುತ್ತವೆ. ಎಲ್ಲವನ್ನೂ ಒಂದೇ ಸಲಕ್ಕೆ ಹಿಡಿಯಲು ಹೋಗಬೇಡಿ. ಒಂದು ಎಳೆ ಹಿಡಿಯಿರಿ, ಅದು ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಹೋಗಿ.

ಯಾವ ಕೃತಿಯಿಂದ ಶುರು ಮಾಡಲಿ?

ಕಾಯುವ ತಾಳ್ಮೆ ಕಡಿಮೆ ಅಂದರೆ ಮೆಂಡೆಲ್ಸನ್ ಅವರ ಇ ಮೈನರ್ ಕನ್ಚೆರ್ಟೊ (ಇ, ಡಿ ಇವೆಲ್ಲ ಅಲ್ಲಿನ ಸ್ವರಗಳ ಹೆಸರು; ಮೇಜರ್, ಮೈನರ್ ಅಂದರೆ ಸ್ವರಗಳನ್ನು ಜೋಡಿಸುವ ಎರಡು ಬಗೆ). 1845ರಲ್ಲಿ ಲೈಪ್ಜಿಗ್‌ನಲ್ಲಿ ಮೊದಲು ನುಡಿಸಿದ್ದು. ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಪಿಟೀಲು ಕೆಲವೇ ಸೆಕೆಂಡಿನಲ್ಲಿ ಮಟ್ಟು ಎತ್ತಿಕೊಂಡು ಬಂದುಬಿಡುತ್ತದೆ.

ಆದರೆ ನನ್ನನ್ನು ಕೇಳಿದರೆ ಬೀಥೋವನ್ ಅವರ ಡಿ ಮೇಜರ್ ಕನ್ಚೆರ್ಟೊ. ವಿಯೆನ್ನಾದಲ್ಲಿ 1806ರ ಡಿಸೆಂಬರ್ 23ರಂದು ಫ್ರಾಂಜ್ ಕ್ಲೆಮೆಂಟ್ ಮೊದಲ ಸಲ ನುಡಿಸಿದರು. ಆಮೇಲೆ ಬಹಳ ವರ್ಷ ಯಾರೂ ಅಷ್ಟಾಗಿ ಮುಟ್ಟಲಿಲ್ಲ. 1844ರಲ್ಲಿ ಲಂಡನ್ನಿನಲ್ಲಿ ಯೋಸೆಫ್ ಯೋವಾಕಿಮ್ ಅನ್ನುವ 12 ವರ್ಷದ ಹುಡುಗ ಮೆಂಡೆಲ್ಸನ್ ಅವರ ನಿರ್ದೇಶನದಲ್ಲಿ ಇದನ್ನು ನುಡಿಸಿದ ಮೇಲೆ ಕೃತಿಗೆ ಮರುಜೀವ ಬಂತು. ಸುಮಾರು 45 ನಿಮಿಷ ಬೇಕು. ನಮ್ಮ ಕಛೇರಿಗಳಲ್ಲಿ ಒಂದು ತೋಡಿಗೋ ಕಲ್ಯಾಣಿಗೋ ಅಷ್ಟು ಹೊತ್ತು ಕೂತವರಿಗೆ ಅದೇನು ಜಾಸ್ತಿ ಅಲ್ಲ.

ಬೀಥೋವನ್ ಕೃತಿಯಲ್ಲಿ ಏನನ್ನು ಹಿಡಿದುಕೊಳ್ಳಬೇಕು?

ನಗಾರಿಯ ಏಟನ್ನು.

ಕೃತಿ ಶುರುವಾಗುವುದೇ ಅದರಿಂದ. ಬೇರೆ ಯಾವ ವಾದ್ಯವೂ ಇಲ್ಲ. ಟಿಂಪನಿ ಒಂದೇ, ಮೆಲ್ಲಗೆ, ನಾಲ್ಕು ಏಟು. ಐದನೆಯ ಏಟಿಗೆ ಓಬೋ, ಕ್ಲಾರಿನೆಟ್, ಬಸೂನ್‌ಗಳು ಮಟ್ಟು ತೆಗೆಯುತ್ತವೆ. ಮೊದಲ ಸಲ ಕೇಳುವವರು ಆ ಏಟುಗಳನ್ನು ಪೀಠಿಕೆ ಅಂದುಕೊಂಡು ಬಿಟ್ಟುಬಿಡುತ್ತಾರೆ. ಬಿಡಬೇಡಿ, ಇಡೀ ಮೊದಲ ಭಾಗ ಆ ನಾಲ್ಕು ಏಟಿನ ಮೇಲೆ ನಿಂತಿದೆ.

ಏಟು ಬೀಳುವುದು ಡಿ ಸ್ವರದಲ್ಲಿ. ಅದನ್ನೇ ಷಡ್ಜ ಅಂತ ಇಟ್ಟುಕೊಳ್ಳಿ. ಮುಂದೆ ಬರುವ ಮಟ್ಟು ನಮ್ಮ ಶಂಕರಾಭರಣದ ಸ್ವರಗಳಲ್ಲಿ ನಡೆಯುತ್ತದೆ. ಹಾಯಾಗಿ ಹೋಗುತ್ತಾ ಇರುತ್ತದೆ. ಅರ್ಧ ನಿಮಿಷವೂ ಆಗಿರುವುದಿಲ್ಲ, ವೃಂದದ ಪಿಟೀಲುಗಳು ಒಂದು ವಿಚಿತ್ರ ಸ್ವರ ಹಿಡಿದು ಅದೇ ನಾಲ್ಕು ಏಟು ಹಾಕುತ್ತವೆ. ಅದು ಡಿ ಶಾರ್ಪ್. ನಮ್ಮ ಲೆಕ್ಕದಲ್ಲಿ ಶುದ್ಧ ರಿಷಭ.

ನಮ್ಮ ಗುಂಪಿನಲ್ಲಿ ಒಬ್ಬರು ವೀಣೆ ಮೇಷ್ಟ್ರು ಇದ್ದಾರೆ, ಎಪ್ಪತ್ತು ದಾಟಿದವರು. ಮೊದಲ ದಿನ ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳು ಆಡಿಸುತ್ತಾ ಕೂತಿದ್ದರು. ಈ ಸ್ವರ ಬಂದ ಕೂಡಲೇ ಬೆರಳು ನಿಂತಿತು. "ತಡಿಯಮ್ಮ, ನಿಲ್ಲಿಸು. ಶಂಕರಾಭರಣದಲ್ಲಿ ಶುದ್ಧ ರಿಷಭಕ್ಕೇನು ಕೆಲಸ?" ಅಂದರು. ಯಾರೂ ಅವರಿಗೆ ಹೇಳಿರಲಿಲ್ಲ. ಹಿಂದಕ್ಕೆ ಹೋಗಿ ಮೂರು ಸಲ ಹಾಕಿದೆವು. ಮೂರನೆಯ ಸಲ ಅವರೇ ಹೇಳಿದರು: "ಅದಕ್ಕೆ ಉತ್ತರ ಆಮೇಲೆ ಕೊಡ್ತಾನೆ, ಈಗ ಸುಮ್ನೆ ಪ್ರಶ್ನೆ ಹಾಕಿಟ್ಟಿದ್ದಾನೆ." ಎಷ್ಟೋ ವಿವರಣೆ ಓದಿದ್ದ ನನಗೆ ಈ ಜಾಗ ನಿಜವಾಗಿ ಕೇಳಿಸಿದ್ದು ಆವತ್ತು.

ಆಮೇಲೆ ಆ ನಾಲ್ಕು ಏಟು ಎಲ್ಲೆಲ್ಲಿ ಬರುತ್ತವೆ ಅಂತ ಕಾಯುತ್ತಾ ಕೇಳಿ. ಕೆಲವು ಕಡೆ ತಂತಿವಾದ್ಯಗಳಲ್ಲಿ, ಕೆಲವು ಕಡೆ ಹಾರ್ನ್‌ಗಳಲ್ಲಿ ಬರುತ್ತವೆ. ಪಿಟೀಲು ಮೇಲೆ ಏನೋ ಹೇಳುತ್ತಿರುವಾಗ ಕೆಳಗೆ ಅವು ಬೀಳುತ್ತಾ ಇರುತ್ತವೆ. ಭಾಗದ ಮೂರನೇ ಎರಡರಷ್ಟು ಮುಗಿದ ಮೇಲೆ ಮೊದಲ ಮಟ್ಟು ತಿರುಗಿ ಬರುವ ಹೊತ್ತಿಗೆ ಅದೇ ಏಟನ್ನು ಇಡೀ ವೃಂದ ಒಟ್ಟಿಗೆ, ಗಟ್ಟಿಯಾಗಿ ಹೊಡೆಯುತ್ತದೆ. ಶುರುವಿನಲ್ಲಿ ಪಿಸುಗುಟ್ಟಿದ ಮಾತು ಅಲ್ಲಿ ಊರಿಗೆಲ್ಲ ಕೇಳುವ ಹಾಗೆ ಬರುತ್ತದೆ. ಮೊದಲ ಏಟು ನೆನಪಿಟ್ಟುಕೊಂಡವರಿಗೆ ಮೈ ಜುಮ್ ಅನ್ನುವ ಜಾಗ ಅದು.

ಪಿಟೀಲು ಎಲ್ಲಿ? ಮೂರು ನಿಮಿಷ ಆದರೂ ಬರಲಿಲ್ಲವಲ್ಲ?

ಅದು ಹಾಗೇ. ಮೊದಲು ವೃಂದ ಮುಖ್ಯ ಮಟ್ಟುಗಳನ್ನೆಲ್ಲ ಒಂದು ಸುತ್ತು ತೋರಿಸುತ್ತದೆ. ಆಗ ಮುಂದಿನ ಪಿಟೀಲುಗಾರರು ಸುಮ್ನೆ ನಿಂತಿರುತ್ತಾರೆ. ಆಮೇಲೆ ಪಿಟೀಲು ಮಟ್ಟು ನುಡಿಸುತ್ತಾ ಬರುವುದಿಲ್ಲ, ಸ್ಥಾಯಿಯಿಂದ ಸ್ಥಾಯಿಗೆ ಮೆಟ್ಟಿಲು ಹತ್ತಿದ ಹಾಗೆ ಮೇಲೇರಿ ಬರುತ್ತದೆ. ಮೇಲೆ ಹತ್ತಿ ನಿಂತ ಮೇಲಷ್ಟೇ ಮೊದಲ ಮಟ್ಟು ಎತ್ತಿಕೊಳ್ಳುತ್ತದೆ. ಆ ಮೂರು ನಿಮಿಷವನ್ನು ಕಾಯುವ ಹೊತ್ತು ಅಂದುಕೊಳ್ಳಬೇಡಿ. ಮಟ್ಟುಗಳನ್ನು ಗುರುತು ಹಾಕಿಕೊಳ್ಳಲು ನಿಮಗೆ ಸಿಕ್ಕ ಹೊತ್ತು ಅದು.

ಇದಕ್ಕೆ ರಾಗ ಅಂತ ಇದೆಯಾ?

ನಮ್ಮ ಅರ್ಥದಲ್ಲಿ ಇಲ್ಲ. ಮೇಜರ್ ಅಂದರೆ ಶಂಕರಾಭರಣದ ಸ್ವರಗಳು ಅನ್ನುವುದು ಮೊದಲ ಹೆಜ್ಜೆಗೆ ಊರುಗೋಲು, ಅಷ್ಟೇ. ದೊಡ್ಡ ವ್ಯತ್ಯಾಸ ಇರುವುದು ಷಡ್ಜದಲ್ಲಿ. ನಮ್ಮಲ್ಲಿ ತಂಬೂರಿ ಶುರುವಿನಿಂದ ಕೊನೆಯವರೆಗೆ ಒಂದೇ ಷಡ್ಜ ಹಿಡಿದಿರುತ್ತದೆ. ಇಲ್ಲಿ ಷಡ್ಜವೇ ಊರು ಬಿಟ್ಟು ಊರಿಗೆ ಹೋಗುತ್ತದೆ. ನಮ್ಮ ಕಲಾವಿದರು ಯಾವಾಗಲೋ ಒಮ್ಮೆ ಗ್ರಹಭೇದ ಮಾಡಿ ತೋರಿಸಿ, ಸಭೆ ಭೇಷ್ ಅನ್ನುವಷ್ಟರಲ್ಲಿ ವಾಪಸ್ ಬರುತ್ತಾರಲ್ವಾ? ಇಲ್ಲಿ ಹೋದ ಊರಲ್ಲಿ ಸ್ವಲ್ಪ ದಿನ ಉಳಿದುಬಿಡುತ್ತಾರೆ. "ಮನೆಗೆ ಯಾವಾಗ ಹೋಗೋದು?" ಅನ್ನುವ ತವಕವೇ ಈ ಸಂಗೀತವನ್ನು ಮುಂದೆ ತಳ್ಳುವ ಶಕ್ತಿ.

ಒಂದು ಪ್ರಯೋಗ ಮಾಡಿ. ಮೊದಲ ಭಾಗದ ಮೊದಲ ಒಂದು ನಿಮಿಷ ಷಡ್ಜವನ್ನು ಮೆಲ್ಲಗೆ ಗುನುಗುತ್ತಾ ಕೇಳಿ. ಸೇರುತ್ತದೆ. ಭಾಗದ ನಡುವೆ ಎಲ್ಲೋ ಅದೇ ಸ್ವರ ಗುನುಗಿ. ಬಹಳ ಕಡೆ ಸೇರುವುದಿಲ್ಲ. ಕೊನೆಗೆ ಬಂದಾಗ ಮತ್ತೆ ಸೇರುತ್ತದೆ. ಪುಸ್ತಕ ಓದದೆ ಇಷ್ಟು ತಿಳಿಯಬಹುದು. ಎರಡನೆಯ ಭಾಗವಂತೂ ಜಿ ಮೇಜರ್‌ನಲ್ಲಿದೆ. ಮೊದಲ ಭಾಗದ ಮಧ್ಯಮವೇ ಇಲ್ಲಿ ಷಡ್ಜ. ಮಧ್ಯಮ ಶ್ರುತಿಯ ಹಾಡು ಕೇಳಿದವರಿಗೆ ಆ ತಂಪು ಗೊತ್ತಿರುತ್ತದೆ.

ಡಿ ಮೇಜರ್ ಆರಿಸಿಕೊಂಡದ್ದಕ್ಕೂ ಕಾರಣವಿದೆ. ಅವರ ಪಿಟೀಲಿನ ನಾಲ್ಕು ತಂತಿ ಜಿ, ಡಿ, ಎ, ಇ. ಒಂದಕ್ಕೊಂದು ಪಂಚಮ. ನಮ್ಮ ಹಾಗೆ ಸ-ಪ-ಸ-ಪ ಅಲ್ಲ. ಡಿ ಷಡ್ಜವಾದರೆ ಷಡ್ಜ, ಪಂಚಮ ಎರಡೂ ಬಿಡಿ ತಂತಿಯಲ್ಲೇ ಸಿಗುತ್ತವೆ, ವಾದ್ಯ ತಾನೇ ತಾನಾಗಿ ಗುಂಯ್‌ಗುಡುತ್ತದೆ. ಬ್ರಾಹ್ಮ್ಸ್, ಚೈಕೋವ್‌ಸ್ಕಿ ಇಬ್ಬರ ಪಿಟೀಲು ಕನ್ಚೆರ್ಟೊಗಳೂ ಡಿ ಮೇಜರ್‌ನಲ್ಲೇ ಇವೆ.

ಕೆಡೆನ್ಜಾ ಅಂದರೆ ತನಿ ಆವರ್ತನವೇ?

ನೋಡಲು ಹಾಗೇ ಕಾಣುತ್ತದೆ. ಮೊದಲ ಭಾಗದ ಕೊನೆಯಲ್ಲಿ ವೃಂದ ಪೂರ್ತಿ ನಿಲ್ಲುತ್ತದೆ, ಪಿಟೀಲು ಒಂಟಿಯಾಗಿ ನುಡಿಸುತ್ತದೆ. ಆದರೆ ತನಿಯಲ್ಲಿ ತಾಳ ನಿಲ್ಲುವುದಿಲ್ಲ, ಇಲ್ಲಿ ತಾಳವೇ ಬಿಡುಗಡೆಯಾಗುತ್ತದೆ. ಹಾಗಾಗಿ ಇದನ್ನು ರಾಗಾಲಾಪನೆಯ ಹತ್ತಿರ ಇಡುವುದು ವಾಸಿ.

ಹಿಂದೆ ಇದು ಕಲಾವಿದರ ಮನೋಧರ್ಮಕ್ಕೆ ಬಿಟ್ಟ ಜಾಗ. ಪಿಟೀಲು ಕನ್ಚೆರ್ಟೊಗೆ ಬೀಥೋವನ್ ಕೆಡೆನ್ಜಾ ಬರೆದಿಡಲಿಲ್ಲ. ಯೋವಾಕಿಮ್ ಬರೆದದ್ದಿದೆ, ಫ್ರಿಟ್ಜ್ ಕ್ರೈಸ್ಲರ್ ಬರೆದದ್ದಿದೆ. ಈಗ ಹೆಚ್ಚಾಗಿ ಕೇಳಿಸುವುದು ಕ್ರೈಸ್ಲರ್ ಅವರದ್ದು. ಹಿಂದಿನ ಮಟ್ಟುಗಳ ಚೂರುಗಳು ಅಲ್ಲಲ್ಲಿ ಬರುತ್ತವೆ, ಗುರುತು ಹಿಡಿಯಿರಿ.

ನಾನು ಕಾಯುವುದು ಕೆಡೆನ್ಜಾ ಮುಗಿದ ಮೇಲಿನ ಕ್ಷಣಕ್ಕೆ. ಅಷ್ಟೆಲ್ಲ ಕಸರತ್ತು ಆದ ಮೇಲೆ ವೃಂದ ಅಬ್ಬರಿಸಿಕೊಂಡು ಬರುತ್ತದೆ ಅಂತ ಅನ್ನಿಸುತ್ತದೆ. ಬರುವುದಿಲ್ಲ. ವೃಂದದ ತಂತಿವಾದ್ಯಗಳು ಕಮಾನು ಬಿಟ್ಟು ಬೆರಳಿನಿಂದ ತಂತಿ ಮೀಟುತ್ತವೆ. ಅದರ ಮೇಲೆ ಪಿಟೀಲು ತನ್ನ ತಗ್ಗಿನ ತಂತಿಗಳಲ್ಲಿ, ಮೆಲ್ಲಗೆ, ಎರಡನೆಯ ಮಟ್ಟನ್ನು ಹಾಡುತ್ತದೆ. ಅಲ್ಲಿಯವರೆಗೆ ಹೆಚ್ಚಾಗಿ ಮೇಲಿನ ಸ್ಥಾಯಿಯಲ್ಲೇ ಮಿಂಚುತ್ತಿದ್ದ ವಾದ್ಯ ಅಲ್ಲಿ ಎದೆಯ ದನಿಯಲ್ಲಿ ಮಾತಾಡುತ್ತದೆ. ಆ ಹೊತ್ತಿಗೆ ಯಾರೂ ಕಾಫಿ ಲೋಟ ಕೆಳಗಿಡುವ ಸದ್ದೂ ಮಾಡಬಾರದು ಅಂತ ನಮ್ಮಲ್ಲಿ ಒಪ್ಪಂದವಿದೆ.

ಮೆಂಡೆಲ್ಸನ್ ಮಾತ್ರ ಕೆಡೆನ್ಜಾವನ್ನು ತಾವೇ ಬರೆದರು, ಕೊನೆಯಲ್ಲಿಡದೆ ಭಾಗದ ನಡುವೆಯೇ ತಂದಿಟ್ಟರು. ಕಮಾನು ನಾಲ್ಕೂ ತಂತಿಯ ಮೇಲೆ ಪುಟಿಯುತ್ತಾ ಹೋಗುವಾಗ, ಅದು ನಿಲ್ಲುವ ಮೊದಲೇ, ಅದರಡಿಯಿಂದ ವೃಂದ ಮೊದಲ ಮಟ್ಟನ್ನು ಎತ್ತಿಕೊಳ್ಳುತ್ತದೆ.

ಎಲ್ಲ ಬರೆದಿಟ್ಟಿದ್ದೇ ನುಡಿಸುವುದಾದರೆ ಕಲಾವಿದರದ್ದು ಏನಿದೆ?

ಬೇಸರದಿಂದ ಕೇಳುವವರೂ ಇದ್ದಾರೆ, ಕುತೂಹಲದಿಂದ ಕೇಳುವವರೂ ಇದ್ದಾರೆ. ಉತ್ತರ ಬೇಕಾದರೆ ಒಂದೇ ಎರಡು ನಿಮಿಷವನ್ನು ಇಬ್ಬರು ಕಲಾವಿದರಲ್ಲಿ ಕೇಳಿ. ಬೀಥೋವನ್‌ನಲ್ಲಿ ಪಿಟೀಲು ಮೊದಲು ಬರುವ ಜಾಗ ಅದಕ್ಕೆ ಚೆನ್ನಾಗಿದೆ. ಯೆಹೂದಿ ಮೆನುಹಿನ್ ಅವರು ಫುರ್ಟ್‌ವೆಂಗ್ಲರ್ ನಿರ್ದೇಶನದಲ್ಲಿ 1953ರಲ್ಲಿ ನುಡಿಸಿದ ಧ್ವನಿಮುದ್ರಣ ಒಂದು, ಯಾಶಾ ಹೈಫೆಟ್ಜ್ ಅವರದ್ದು ಇನ್ನೊಂದು. ಮೆನುಹಿನ್ ನಿಧಾನ, ಮಾತು ಮಾತಿಗೂ ಉಸಿರು ಬಿಟ್ಟು ಹೋಗುತ್ತಾರೆ. ಹೈಫೆಟ್ಜ್ ಚುರುಕು, ಬೆಳ್ಳಿ ತಂತಿ ಎಳೆದ ಹಾಗೆ. ಸ್ವರಗಳು ಅವೇ, ಮನುಷ್ಯ ಬೇರೆ.

ಆ 1953ರ ಮುದ್ರಣದಲ್ಲಿರುವ ವೃಂದ ಲಂಡನ್ನಿನ ಫಿಲ್ಹಾರ್ಮೋನಿಯಾ. ಅದರ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು ನಮ್ಮ ಜಯಚಾಮರಾಜ ಒಡೆಯರ್. ಇದನ್ನು ಹೇಳಿದಾಗ ಹೊಸಬರ ಮುಖ ಅರಳುವುದನ್ನು ನೋಡುವುದು ನನಗೆ ಪ್ರತಿ ಸಲವೂ ಖುಷಿ.

ಏನೇನು ಹೋಲಿಸಬೇಕು? ಕಮಾನು ತಂತಿಗೆ ತಾಗುವ ಕ್ಷಣ ಮೆತ್ತಗಿದೆಯೋ ಚೂಪಾಗಿದೆಯೋ ನೋಡಿ. ಸ್ವರ ಹಿಡಿದು ನಿಂತಾಗ ಬೆರಳಿನ ಅಲುಗಾಟ ಎಷ್ಟಿದೆ, ಕೆಲವರು ಸ್ವರ ಹಿಡಿದ ಕೂಡಲೇ ಅಲುಗಿಸುತ್ತಾರೆ, ಕೆಲವರು ಸ್ವಲ್ಪ ತಡೆದು. ನಮ್ಮ ಗಮಕ ಇಲ್ಲವಲ್ಲ ಅಂತ ಕೊರಗಬೇಡಿ. ನಮ್ಮವರು ನೆಲದ ಮೇಲೆ ಕೂತು, ಪಿಟೀಲಿನ ತಲೆಯನ್ನು ಪಾದದ ಮೇಲೆ ಊರುವುದರಿಂದ ಎಡಗೈ ಪೂರ್ತಿ ಹಗುರ, ಜಾರು ಸಲೀಸು. ಅವರು ನಿಂತು ಗಲ್ಲದಡಿ ಹಿಡಿಯುತ್ತಾರೆ. ಅವರ ಜೀವಸ್ವರ ಇರುವುದು ಹೆಚ್ಚಾಗಿ ಬಲಗೈಯಲ್ಲಿ. ಆದ್ದರಿಂದ ಕಣ್ಣಿದ್ದರೆ ಕಮಾನು ನೋಡಿ, ಕಿವಿಯಲ್ಲೂ ಕಮಾನನ್ನೇ ಹುಡುಕಿ.

ಅಷ್ಟು ವಾದ್ಯಗಳ ನಡುವೆ ಮೈಕ್ ಇಲ್ಲದೆ ಒಂದು ಪಿಟೀಲು ಹೇಗೆ ಕೇಳಿಸುತ್ತದೆ?

ಚೌಡಯ್ಯನವರಿಗೂ ಇದೇ ಚಿಂತೆ ಇತ್ತು. ಮೈಕ್ ಇಲ್ಲದ ಕಾಲದಲ್ಲಿ ದೊಡ್ಡ ಸಭೆಯ ಹಿಂದಿನ ಸಾಲಿಗೂ ಕೇಳಲಿ ಅಂತ ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ಅಲ್ಲಿನವರು ವಾದ್ಯ ಬದಲಿಸದೆ ಬರವಣಿಗೆಯಲ್ಲೇ ದಾರಿ ಮಾಡಿದರು. ಪಿಟೀಲು ನುಡಿಯುವಾಗ ವೃಂದವನ್ನು ತೆಳ್ಳಗೆ ಮಾಡುತ್ತಾರೆ, ಪಿಟೀಲನ್ನು ಬೇರೆ ವಾದ್ಯಗಳಿಗಿಂತ ಮೇಲಿನ ಸ್ಥಾಯಿಗೆ ಕಳಿಸುತ್ತಾರೆ. ಬೀಥೋವನ್‌ನ ಎರಡನೆಯ ಭಾಗದಲ್ಲಿ ವೃಂದದ ಪಿಟೀಲುಗಳ ಕುದುರೆಗೆ ಪುಟ್ಟ ಅಡಚಣೆ ಸಿಕ್ಕಿಸಿ ದನಿಯನ್ನೇ ಮಂಕು ಮಾಡಿರುತ್ತಾರೆ. ಅಲ್ಲಿ ಮಟ್ಟನ್ನು ಮೊದಲು ಆ ಮಂಕು ದನಿಯ ತಂತಿವಾದ್ಯಗಳು, ಆಮೇಲೆ ಹಾರ್ನ್, ಕ್ಲಾರಿನೆಟ್, ಅದಾದ ಮೇಲೆ ಬಸೂನ್ ಹಾಡುತ್ತವೆ. ಊದುವ ವಾದ್ಯಗಳು ಹಾಡುವಾಗ ಮುಂದೆ ನಿಂತ ಪಿಟೀಲು ಅದರ ಸುತ್ತ ಕಸೂತಿ ಹಾಕುತ್ತದೆ.

ತಾಳ ಹಾಕಬಹುದಾ? ಚಪ್ಪಾಳೆ ಯಾವಾಗ?

ಮನೆಯಲ್ಲಿ ಧಾರಾಳವಾಗಿ ತಾಳ ಹಾಕಿ. ಕಾಲಪ್ರಮಾಣ ಆಗಾಗ ಹಿಗ್ಗುತ್ತದೆ, ಕುಗ್ಗುತ್ತದೆ. ಕೈ ತಪ್ಪಿದ ಕಡೆಯೇ ಏನೋ ನಡೆದಿದೆ ಅಂತ ತಿಳಿಯಿರಿ. ಸಭಾಂಗಣದಲ್ಲಿ ಬೇಡ. ಚಪ್ಪಾಳೆ ಮೂರೂ ಭಾಗ ಮುಗಿದ ಮೇಲೆ. ಇದು ಈಚಿನ ಪದ್ಧತಿ, ಹತ್ತೊಂಬತ್ತನೆಯ ಶತಮಾನದಲ್ಲಿ ಭಾಗದ ಕೊನೆಗೂ ಹೊಡೆಯುತ್ತಿದ್ದರು. ಮೆಂಡೆಲ್ಸನ್‌ನಲ್ಲಿ ಆ ಅವಕಾಶವೇ ಇಲ್ಲ. ಮೊದಲ ಭಾಗ ಮುಗಿದರೂ ಒಂದು ಬಸೂನ್ ಒಂದೇ ಸ್ವರ ಬಿಡದೆ ಹಿಡಿದಿರುತ್ತದೆ, ಅದರಿಂದಲೇ ಎರಡನೆಯ ಭಾಗ ಹುಟ್ಟುತ್ತದೆ.

ನಡುವೆ ಮನಸ್ಸು ಎಲ್ಲೋ ಹೋಗುತ್ತದೆ, ಏನು ಮಾಡಲಿ?

ಹೋಗಲಿ, ವಾಪಸ್ ಬನ್ನಿ. ಬೀಥೋವನ್ ಕೃತಿಯ ಮೂರನೆಯ ಭಾಗ ಇದಕ್ಕೆ ಒಳ್ಳೆಯ ಅಭ್ಯಾಸ. ಒಂದು ಕುಣಿಯುವ ಮಟ್ಟು, ಮೊದಲು ತಗ್ಗಿನ ತಂತಿಯಲ್ಲಿ, ಕೂಡಲೇ ಎರಡು ಸ್ಥಾಯಿ ಮೇಲೆ. ಆಮೇಲೆ ಅನುಪಲ್ಲವಿ, ಚರಣ ಮುಗಿದು ಪಲ್ಲವಿ ಬಂದ ಹಾಗೆ ಅದೇ ಮಟ್ಟು ಮತ್ತೆ ಮತ್ತೆ ಬರುತ್ತದೆ. ಎಲ್ಲಿ ಅಲೆದಿದ್ದರೂ ಅದು ಬಂದಾಗ ಸೇರಿಕೊಳ್ಳಬಹುದು.

ಮನೆಯಲ್ಲಿ ಕೇಳಲು ದುಬಾರಿ ಸಾಮಾನು ಬೇಕಾ?

ಬೇಡ. ಮೊಬೈಲಿನ ಸ್ಪೀಕರ್ ಮಾತ್ರ ಬಿಟ್ಟುಬಿಡಿ, ಅದರಲ್ಲಿ ನಗಾರಿಯ ಮೊದಲ ಏಟುಗಳು ಕೇಳಿಸುವುದೇ ಇಲ್ಲ. ಸಾಧಾರಣ ಇಯರ್‌ಫೋನ್ ಸಾಕು. ಬೇಕಾದ್ದು ಸದ್ದಿಲ್ಲದ ಮುಕ್ಕಾಲು ಗಂಟೆ. ಮಿಕ್ಸಿ, ಪ್ರೆಶರ್ ಕುಕ್ಕರ್ ಎಲ್ಲ ಮುಗಿದ ರಾತ್ರಿ ಹತ್ತರ ಮೇಲೆ ನನಗೆ ಅನುಕೂಲ.

ಮೈಸೂರಿನಲ್ಲಿ ನೇರವಾಗಿ ಕೇಳಲು ಸಿಗುತ್ತದಾ?

ಪೂರ್ತಿ ವೃಂದದ ಜೊತೆ ಸಿಗುವುದು ಅಪರೂಪ. 2006ರಲ್ಲಿ ಶುರುವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಇರುವುದು ಮುಂಬೈನಲ್ಲಿ. ಆ ಕಡೆ ಹೋಗುವುದಿದ್ದರೆ ಅವರ ಕಾರ್ಯಕ್ರಮ ನೋಡಿಕೊಂಡು ಹೋಗಿ. ಇಲ್ಲಿ ದಸರಾ ಹೊತ್ತಿಗೆ ಅರಮನೆ ಮುಂದೆ ಪೊಲೀಸ್ ಬ್ಯಾಂಡ್ ನುಡಿಸುವಾಗ ಹತ್ತಿರ ಹೋಗಿ ನಿಲ್ಲಿ. ದೀಪ ನೋಡುವುದು ಆಮೇಲೆ ಇರಲಿ. ಕ್ಲಾರಿನೆಟ್ ಯಾವುದು, ಟ್ರಂಪೆಟ್ ಯಾವುದು ಅಂತ ಕಣ್ಣಿನಿಂದ ಕಂಡು ಕಿವಿಯಿಂದ ಬೇರೆ ಮಾಡಿ ಅಭ್ಯಾಸ ಮಾಡಿಕೊಳ್ಳಿ. ವೃಂದದ ಎಳೆಗಳನ್ನು ಬಿಡಿಸಲು ಇದಕ್ಕಿಂತ ಒಳ್ಳೆಯ ಪಾಠ ನಮ್ಮೂರಲ್ಲಿ ನನಗೆ ಸಿಕ್ಕಿಲ್ಲ.

ಬೀಥೋವನ್ ಆದ ಮೇಲೆ ಮುಂದೇನು?

ಬ್ರಾಹ್ಮ್ಸ್. ಎರಡನೆಯ ಭಾಗದ ಚಂದದ ಮಟ್ಟು ಪೂರ್ತಿ ಓಬೋ ಪಾಲಿಗೆ ಹೋಗಿದೆ, ಪಿಟೀಲು ಕಾಯುತ್ತದೆ. ಆಮೇಲೆ ಚೈಕೋವ್‌ಸ್ಕಿ.

ಜೋಡಿ ಪಿಟೀಲು ಇಷ್ಟಪಡುವವರು ಮಾತ್ರ ನೇರವಾಗಿ ಬಾಖ್ ಅವರ ಡಿ ಮೈನರ್ ಜೋಡಿ ಕನ್ಚೆರ್ಟೊಗೆ ಹೋಗಿ. ನಡುವಿನ ನಿಧಾನ ಭಾಗ ಹಾಕಿಕೊಳ್ಳಿ. ಮೊದಲು ಹಾಡುವುದು ಎರಡನೆಯ ಪಿಟೀಲು. ಎರಡು ಸಾಲು ಆಗುವಷ್ಟರಲ್ಲಿ ಮೊದಲನೆಯ ಪಿಟೀಲು ಅದೇ ಮಟ್ಟನ್ನು ಪಂಚಮದಿಂದ ಎತ್ತಿಕೊಂಡು ಬರುತ್ತದೆ. ಆಗ ಮೇಲಿನ ದನಿಯ ಹಿಂದೆ ಹೋಗಬೇಡಿ. ಕೆಳಗಿನ ಪಿಟೀಲು ಏನು ಮಾಡುತ್ತಿದೆ ಅಂತ ಕೇಳಿ.